ಚೀಟಿಯ ಹಿಂಬದಿ

ಸರಿಯಾಗಿ ಈಸ್ಟರ್ ದಿನವೇ ವರ್ನಾಳ ಸೊಂಟ ಹಿಡಿದುಕೊಂಡಿತು. ಚರ್ಚಿನ ಊಟಕ್ಕೆ ಅವಳ ಅಜ್ಜಿ ಜಿಲ್ಫಾಳ ಕಾಲದಿಂದ ಹೋಗುತ್ತಿದ್ದ ಪೀಚ್ ಕ್ಯಾಸರೋಲ್ ಎಂಬ ಹಣ್ಣಿನ ಸಿಹಿತಿನಿಸು ಮಾಡುವ ಭಾರ ಗಂಡ ಡೆಲ್ಮರನ ತಲೆಗೆ ಬಂತು. ಟ್ರ್ಯಾಕ್ಟರ್ ರಿಪೇರಿ ಬಿಟ್ಟು ಬೇರೇನೂ ಗೊತ್ತಿಲ್ಲದ ಪ್ರಾಣಿ ಅವನು.

"ಅಮ್ಮ ಬರೆದಿಟ್ಟ ಚೀಟಿ ಇದೆ, ಹಾಗೇ ಮಾಡು," ಎಂದಳು ವರ್ನಾ, ಹಾಸಿಗೆಯಿಂದಲೇ. "ಬೋಗುಣಿ ಖಾಲಿಯಾಗಿ ವಾಪಸ್ ಬರ್ಬೇಕು. ಒಂದು ಚಮಚ ಉಳಿದ್ರೂ ಇಡೀ ಜಾರ್ಜಿಯಾದಲ್ಲಿ ನಾನು ತಲೆ ಎತ್ತೋ ಹಾಗಿಲ್ಲ!"

ಪೀಚ್ ಹೋಳು, ಚೀಸ್, ಬಿಸ್ಕತ್ತಿನ ಪುಡಿ, ಬೆಣ್ಣೆ. ಚೀಟಿಯಲ್ಲಿದ್ದುದನ್ನೆಲ್ಲ ಸುರಿದು ಓವನ್‌ನಲ್ಲಿ ಬೇಯಿಸಿ, ಚರ್ಚಿನ ಮೇಜಿನ ಮೇಲಿಟ್ಟ. ಬೆರಳಿಗೆ ಅಂಟಿದ್ದನ್ನು ನೆಕ್ಕಿದರೆ ಸಿಹಿಯೇ ಇಲ್ಲ! ಗಾಬರಿಯಿಂದ ಜೇಬಿನ ಚೀಟಿ ತೆಗೆದು ತಿರುಗಿಸಿದ. ಹಿಂಬದಿಯಲ್ಲಿ ಬೇರೆ ಶಾಯಿಯಲ್ಲಿ ಬರೆದಿತ್ತು: ಸಕ್ಕರೆ, ಒಂದೂವರೆ ಬಟ್ಟಲು.

ಪಕ್ಕದಲ್ಲೇ ನೆರೆಮನೆಯ ನಡೀನಳ ಪೀಚ್ ಕ್ಯಾಸರೋಲ್ ಇತ್ತು. ಅಂಥದ್ದೇ ಗಾಜಿನ ಬೋಗುಣಿ. ಪಾತ್ರೆಗಳು ಅದಲುಬದಲಾಗದಿರಲೆಂದು ಎಲ್ಲರೂ ಹಿಡಿಗೆ ಹೆಸರಿನ ಪಟ್ಟಿ ಅಂಟಿಸುವುದು ಅಲ್ಲಿನ ರೂಢಿ. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ್ದೇ ತಡ, ಡೆಲ್ಮರ್ ಎರಡೂ ಪಟ್ಟಿ ಕಿತ್ತು ಅದಲುಬದಲು ಅಂಟಿಸಿದ.

"ಡೆಲ್ಮರ್, ಅಲ್ಲೇನ್ ಮಾಡ್ತಿದೀಯ?" ನಡೀನ್ ಒಂದು ಕಣ್ಣು ತೆರೆದಿದ್ದಳು.

"ನೊಣ, ಮಿಸ್ ನಡೀನ್. ನೊಣ ಓಡಿಸ್ತಿದ್ದೆ."

ಊರಿಗೇ ಹಿರಿಯಳಾದ ಯೂಲಾ ಅಜ್ಜಿ ಮೊದಲು ಬಡಿಸಿಕೊಂಡದ್ದು ನಡೀನಳ ಹೆಸರಿದ್ದ ಬೋಗುಣಿಯಿಂದ. ಒಂದು ತುತ್ತು ತಿಂದವಳೇ ಕಣ್ಣೊರೆಸಿಕೊಂಡಳು.

"ಇದು ನಮ್ಮ ಜಿಲ್ಫಾ ಕೈರುಚಿ ಕಣ್ರೇ! ಯುದ್ಧದ ಕಾಲ್ದಲ್ಲಿ ಸಕ್ಕರೆ ಎಲ್ಲಿತ್ತು? ಹಣ್ಣಿನ ಸಿಹೀನೇ ಸಾಕು ಅಂತಿದ್ಲು. ಆಮೇಲೆ ಅವಳ ಮಗಳು ಸಕ್ಕರೆ ಸುರಿದು ಕೆಡಿಸಿದ್ಲು. ನಡೀನ್, ನಿನಗೆ ಹೆಂಗೆ ಬಂತೇ ಇದು?"

ನಡೀನಳಿಗೂ ಏನೂ ಅರ್ಥವಾಗಲಿಲ್ಲ. ಆದರೂ "ಏನೋ, ಹಾಗೇ ಬಂತು," ಎಂದು ನಾಚಿಕೊಂಡಳು. ಜನ ಮುಗಿಬಿದ್ದರು, ಗಳಿಗೆಯಲ್ಲಿ ಆ ಬೋಗುಣಿ ತೊಳೆದಿಟ್ಟ ಹಾಗಾಯಿತು. ವರ್ನಾಳ ಹೆಸರಿನದು ಮುಕ್ಕಾಲು ಪಾಲು ಹಾಗೇ ಉಳಿಯಿತು. ಪಾದ್ರಿಗಳೇ ಅದನ್ನು ಡೆಲ್ಮರನ ಕೈಗಿಟ್ಟು, "ಬೇಜಾರ್ ಮಾಡ್ಕೋಬೇಡಪ್ಪ," ಎಂದರು. ಗೆದ್ದವನು ತಾನೋ ಸೋತವನು ತಾನೋ, ದಾರಿಯುದ್ದಕ್ಕೂ ಅವನಿಗೆ ತಿಳಿಯಲಿಲ್ಲ.

ಮನೆ ಸೇರುವಷ್ಟರಲ್ಲಿ ವರ್ನಾ ಸೊಂಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಯೂಲಾ ಅಜ್ಜಿಯ ಫೋನು ಮೊದಲೇ ಬಂದಿತ್ತು. ಬೋಗುಣಿಗೆ ಬೆರಳದ್ದಿ ನೆಕ್ಕಿದಳು.

"ಇದು ನಡೀನ್ ಮಾಡಿದ್ದು. ನಮ್ಮ ಬೋಗುಣಿ ಅವಳ ಮನೇಲಿ, ನಮ್ಮಜ್ಜಿ ಕೈರುಚಿ ಅವಳ ಕೈಯಲ್ಲಿ," ಎಂದಳು ಮೆಲ್ಲಗೆ. "ಡೆಲ್ಮರ್, ಎಷ್ಟು ದಿನದಿಂದ ನಡೀತಿದೆ ಇದು?"