ಡೇಗೆಯ ಉಪವಾಸ

ಬೇಟೆಗೆ ಪಳಗಿಸಿದ ಡೇಗೆ ಹಕ್ಕಿಯನ್ನು ಹಾರಿಸುವ ದಿನ ಉಪವಾಸ ಕೆಡವಬೇಕು. ಹಸಿದಿದ್ದರೆ ಮಾಂಸದ ಆಸೆಗೆ ಕೈಗೆ ಮರಳುತ್ತದೆ. ಹೊಟ್ಟೆ ತುಂಬಿದ್ದರೆ ಯಜಮಾನನ ಮುಖವನ್ನೂ ನೋಡುವುದಿಲ್ಲ. ಇಷ್ಟು ಸಣ್ಣ ಸಂಗತಿ ಡೊರೊತಿ ಆಂಟಿಗೆ ಗೊತ್ತಿರಲಿಲ್ಲ ನೋಡಿ!

ಗದಗಿನ ಓಂಕಾರ ಅಬುಧಾಬಿಯಲ್ಲಿ ಒಬ್ಬ ಅರಬ್ಬಿಯ ಡ್ರೈವರ್. ಹಕ್ಕಿ ಸಾಕುವ ಅನ್ಸಾರ್ ಜ್ವರ ಹಿಡಿದು ಮಲಗಿದ್ದರಿಂದ ಇವತ್ತೊಂದು ದಿನ ಡೇಗೆ ಇವನ ಪಾಲಿಗೆ ಬಿದ್ದಿತ್ತು. ಹೋದ ವಾರ ಯಜಮಾನರ ದೊಡ್ಡಪ್ಪ ಅದನ್ನು ನೋಡಿ, "ಎಂಥ ಹಕ್ಕಿ!" ಎಂದು ಹೊಗಳಿದ್ದರು. ಹಿರಿಯರು ಹೊಗಳಿದ್ದನ್ನು ಕೊಟ್ಟುಬಿಡುವುದು ಆ ಮನೆಯ ಮರ್ಯಾದೆ. ಇವತ್ತು ಸಂಜೆ ಹಾರಿಸಿ ತೋರಿಸಿ ಒಪ್ಪಿಸಬೇಕು. ಎಲ್ಲ ಸರಿಹೋದರೆ ಓಂಕಾರನಿಗೆ ರಜೆ. ಶನಿವಾರ ಊರಲ್ಲಿ ಹೆಂಡತಿಯ ಸೀಮಂತ.

ಖಾಲಿದಿಯಾ ಬಡಾವಣೆಯಲ್ಲಿ ತಾನು ಬೇರೆಯವರೊಂದಿಗೆ ಹಂಚಿಕೊಂಡಿದ್ದ ಫ್ಲ್ಯಾಟಿನ ಹಾಲ್‌ನಲ್ಲಿ ಹಕ್ಕಿಯನ್ನು ಕೂರಿಸಿ, ಕಣ್ಣಿಗೆ ಟೋಪಿ ಹಾಕಿ, ಓಂಕಾರ ಸ್ನಾನಕ್ಕೆ ಹೋದ. ಬಂದು ನೋಡಿದರೆ ಟೋಪಿ ಇಲ್ಲ, ಡೇಗೆಯ ಎದೆ ಚೆಂಡಿನಂತೆ ಉಬ್ಬಿದೆ. ಪಕ್ಕದ ರೂಮಿನ ಡೊರೊತಿ ಆಂಟಿ ಕೈ ಒರೆಸಿಕೊಳ್ಳುತ್ತಿದ್ದಾರೆ.

"ಆಂಟಿ, ಏನ್ ಮಾಡೀರಿ?"

"ಎಂತ ಮಾರಾಯ, ಬೆಳಿಗ್ಗೆಯಿಂದ ಅದಕ್ಕೆ ಒಂದು ತುಂಡು ಸಹ ಹಾಕಲಿಲ್ಲ ನೀನು. ಕೋಳಿ ಲಿವರ್ ಸ್ವಲ್ಪ ಕೊಟ್ಟದ್ದು ಅಷ್ಟೆ."

"ಸ್ವಲ್ಪ ಅಂದ್ರ ಎಷ್ಟ್ರೀ?"

"ಪ್ಯಾಕೆಟ್ ಖಾಲಿ."

ಆಂಟಿಯ ಗಂಡ ಲಿಯೋ ಪೇಪರಿನಿಂದ ತಲೆಯೆತ್ತಿದರು. "ಮೆಟ್ಟಿಲು ಹತ್ತಿಸಿ ಇಳಿಸು, ಜೀರ್ಣ ಆಗ್ತದೆ."

ಪಾಪ, ಓಂಕಾರ ಅದನ್ನೂ ಮಾಡಿದ. ಹಕ್ಕಿಯನ್ನು ಕೈಮೇಲೆ ಹೊತ್ತು ಆರು ಮಹಡಿ ಹತ್ತಿಳಿದ. ಏದುಸಿರು ಬಂದದ್ದು ಇವನಿಗೆ, ನಿದ್ದೆ ಹತ್ತಿದ್ದು ಹಕ್ಕಿಗೆ.

ಸಂಜೆ ಮರಳುಗಾಡಿನಲ್ಲಿ ದೊಡ್ಡಪ್ಪನವರ ಎದುರು ಟೋಪಿ ತೆಗೆದರೆ ಡೇಗೆ ಅತ್ತಿತ್ತ ನೋಡಿ, ಗರಿ ಉಬ್ಬಿಸಿ, ಒಂದು ಕಾಲು ಮಡಚಿಕೊಂಡು ಕೂತುಬಿಟ್ಟಿತು. ಓಂಕಾರ ಕೈ ಕೊಡವಿದ. ಅದು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

"ಇದು ಡೇಗೆಯೋ ಕೋಳಿಯೋ? ನನಗೆ ಬೇಡ, ನೀನೇ ಇಟ್ಟುಕೋ," ಎಂದು ಯಜಮಾನರಿಗೆ ಹೇಳಿ ದೊಡ್ಡಪ್ಪ ಕಾರು ಹತ್ತಿದರು.

ರಜೆ ಹೋಯಿತು ಎಂದುಕೊಂಡು ಓಂಕಾರ ಹಕ್ಕಿಗೆ ಮತ್ತೆ ಟೋಪಿ ಹಾಕಿದ. ಕಾರು ಮರೆಯಾದದ್ದೇ ಯಜಮಾನರು ಓಡಿಬಂದು ಅವನನ್ನು ತಬ್ಬಿಕೊಂಡರು.

"ಇದನ್ನು ಕಳೆದುಕೊಳ್ಳುವ ಸಂಕಟಕ್ಕೆ ವಾರದಿಂದ ನಾನು ನಿದ್ದೆ ಮಾಡಿಲ್ಲ. ಹೊಟ್ಟೆ ತುಂಬಿಸಿದ್ದು ಯಾರು?"

ಓಂಕಾರನ ಕಣ್ಣೆದುರು ಸೀಮಂತದ ಚಪ್ಪರ ಕುಣಿಯಿತು. "ನಾನೇ," ಎಂದ.

"ನನ್ನ ಮನಸ್ಸು ಅರಿತವನು ನೀನೊಬ್ಬನೇ. ಈ ಬೇಟೆ ಸೀಸನ್ ಮುಗಿಯುವವರೆಗೆ ಇದು ನಿನ್ನ ಕೈಯಲ್ಲೇ ಇರಲಿ."

"ನನ್ನ ರಜೆ?"

"ಮಾರ್ಚ್‌ನಲ್ಲಿ ನೋಡೋಣ. ಈಗ ಜ್ವರದ ಅನ್ಸಾರ್ ಊರಿಗೆ ಹೋಗಿಬರಲಿ. ಯಲ್ಲಾ, ನಡೆ, ಗಾಡಿ ತೆಗೆ."

ಅಷ್ಟರಲ್ಲಿ ಡೊರೊತಿ ಆಂಟಿಯ ಫೋನ್ ಬಂತು. "ಓಂಕಾರ, ಲಿವರ್ ಇನ್ನೊಂದು ಪ್ಯಾಕೆಟ್ ತಂದಿದ್ದೇನೆ. ನಿನಗಲ್ಲ ಮಾರಾಯ, ಅದಕ್ಕೆ."