ಫಿನ್ಲೆಂಡಿನ ಅರಸರೂ ನಮ್ಮ ಕೇಸರಿಬಾತೂ

ಕಳೆದ ಭಾನುವಾರ, ಸಂಜೆ ಐದು ಗಂಟೆ. ಬಸವೇಶ್ವರನಗರದ ನಮ್ಮ ಹಿರಿಯರ ಬಳಗದ ಸಭಾಂಗಣ. ಹಾಜರಿದ್ದವರು: ಭಾಷಣಕಾರನಾದ ನಾನು, ನನ್ನ ಪತ್ನಿ ಸರೋಜಾ, ಮತ್ತು ಖಾಲಿ ಕುರ್ಚಿಗಳು.

ಐದು ಎಂದರೆ ಐದು. ಶುರು ಮಾಡಿಯೇಬಿಟ್ಟೆ!

"ಸ್ವಲ್ಪ ತಡೀರಿ, ಜನ ಬರ್ಲಿ" ಎಂದಳು ಸರೋಜಾ.

"ತಡವಾಗಿ ಬರೋರಿಗೋಸ್ಕರ ಸಮಯಕ್ಕೆ ಬಂದೋರನ್ನ ಕಾಯಿಸಬಾರದು."

"ಬಂದಿರೋಳು ನಾನೊಬ್ಬಳೇ. ನನಗೇನೂ ಅರ್ಜೆಂಟಿಲ್ಲ."

ಈ ಭಾಷಣ ಗೆದ್ದರೆ ಪ್ರತಿ ತಿಂಗಳೂ ನನ್ನದೇ ಭಾಷಣ ಎಂದು ಕಾರ್ಯದರ್ಶಿ ನಂಜುಂಡಯ್ಯನವರು ಮಾತು ಕೊಟ್ಟಿದ್ದರು. ಆ ಗೌರವಕ್ಕೆ ನಾನು ಬಹಳ ಕಾಲದಿಂದ ಕಾದಿದ್ದೆ. ವಿಷಯ, ಫಿನ್ಲೆಂಡಿನ ರಾಜಮನೆತನ. ನೂರು ವರ್ಷದ ಹಿಂದೆ ಆ ದೇಶ ಜರ್ಮನಿಯ ಒಬ್ಬ ರಾಜಕುಮಾರನನ್ನು ಅರಸನಾಗಿ ಆರಿಸಿತ್ತು. ಆತ ಅತ್ತ ಕಾಲಿಡುವ ಮೊದಲೇ ಬೇಡವೆಂದ, ದೇಶ ಗಣರಾಜ್ಯವಾಯಿತು. "ಒಂದು ವೇಳೆ ಆತ ಬಂದಿದ್ದರೆ? ಇನ್ನು ನಾನು ಹೇಳುವುದೆಲ್ಲ ಬರೀ ಕಲ್ಪನೆ" ಎಂದು ಸ್ಪಷ್ಟವಾಗಿ ಘೋಷಿಸಿದೆ. ಕುರ್ಚಿಗಳು ಶ್ರದ್ಧೆಯಿಂದ ಕೇಳಿದವು.

ಜನ ಬರುವಷ್ಟರಲ್ಲಿ ಆತನ ಮೊಮ್ಮಗನಿಗೇ ಪಟ್ಟಾಭಿಷೇಕ ಮುಗಿದಿತ್ತು. ಹೇಳಿದ್ದನ್ನೇ ಹೇಳುವ ಅಭ್ಯಾಸ ನನಗಿಲ್ಲ. "ಈ ಅರಸರು ಏಳುತ್ತಿದ್ದದ್ದು ನಾಲ್ಕೂವರೆಗೆ. ಎದ್ದೊಡನೆ ಬಿಸಿನೀರು. ಹಾಸಿಗೆ ಮಡಿಸುವುದೂ ತಾವೇ..."

ಮುಂದಿನ ಸಾಲಿನ ಶಾರದಮ್ಮ ಕರಗಿಹೋದರು. "ರಾಜ ಆದ್ರೂ ಎಷ್ಟು ಸರಳ ನೋಡ್ರೀ! ಮಕ್ಕಳೆಷ್ಟು ಸಾರ್ ಅವರಿಗೆ?"

"ಇಬ್ಬರು ಹೆಣ್ಣುಮಕ್ಕಳು."

ಸರೋಜಾ ಕಣ್ಸನ್ನೆ ಮಾಡಿದಳು. ಹೊತ್ತಾಯಿತು ಎನ್ನುತ್ತಿದ್ದಾಳೆಂದು ತಿಳಿದು ವೇಗ ಹೆಚ್ಚಿಸಿದೆ. ಮುಕ್ತಾಯಕ್ಕೆ ಗಾಂಭೀರ್ಯ ಇರಲೆಂದು ಧ್ವನಿ ತಗ್ಗಿಸಿ, "ಇಂಥ ಅರಸರು ಮೊನ್ನೆ ಗುರುವಾರ ಕಾಲವಾದರು" ಎಂದೆ.

ಶಾರದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಂಜುಂಡಯ್ಯನವರು ತಟ್ಟನೆ ಎದ್ದರು. "ಎಲ್ರೂ ಎದ್ದು ನಿಂತ್ಕೊಳ್ಳಿ. ಎರಡು ನಿಮಿಷ ಮೌನ!"

ಮೌನ ಮುರಿಯುವುದು ಅಶಿಸ್ತು. ನಾನೂ ತಲೆ ತಗ್ಗಿಸಿ ನಿಂತೆ!

ಮೌನ ಮುಗಿದು, ನಂಜುಂಡಯ್ಯನವರು ಬಾಗಿಲ ತನಕ ಹೋಗಿ ಬಂದ ಮೇಲೆ ಸಮಾಧಾನವಾಗಿ ತಿಳಿಸಿದೆ. "ಶಾರದಮ್ಮನೋರೇ, ಅಂಥ ಅರಸರೇ ಇಲ್ಲ."

"ನಿಜ ಸಾರ್, ಅಂಥೋರು ಇನ್ನು ಹುಟ್ಟಲ್ಲ!"

"ಅಯ್ಯೋ, ಅವರು ಹುಟ್ಟೇ ಇಲ್ಲಮ್ಮ! ಎಲ್ಲಾ ಕಲ್ಪನೆ!"

"ಹಾಗಾದ್ರೆ ಈ ಮಂಡಿನೋವಲ್ಲಿ ನಾನು ಎದ್ದು ನಿಂತಿದ್ದು ಯಾರಿಗೆ ಸಾರ್?" ಎಂದರು ನಂಜುಂಡಯ್ಯ. "ಸಾವಿನ ಸುದ್ದಿ ಕೇಳಿ ಸಿಹಿ ಹಂಚೋದು ಚೆನ್ನಾಗಿರಲ್ಲ ಅಂತ ಈಗಷ್ಟೇ ಬಂದ ಕೇಸರಿಬಾತ್ ಬೇರೆ ವಾಪಸ್ ಕಳಿಸಿಬಿಟ್ಟೆ!"

ಎಲ್ಲರೂ ಬಾಗಿಲಿಗೆ ಓಡಿದರು. ಪಾತ್ರೆ ಹೊತ್ತ ಆಟೋ ತಿರುವು ದಾಟುತ್ತಿತ್ತು. ಅರಸರ ಸಾವನ್ನು ತಡೆದುಕೊಂಡ ಸಭೆ ಕೇಸರಿಬಾತಿನ ಅಗಲಿಕೆಯನ್ನು ತಡೆದುಕೊಳ್ಳಲಿಲ್ಲ!

"ಮುಂದಿನ ತಿಂಗಳಿಂದ ಭಜನೆ ಇಟ್ಕೊಳ್ಳೋಣ" ಎಂದರು ನಂಜುಂಡಯ್ಯ. ಒಬ್ಬರೂ ವಿರೋಧಿಸಲಿಲ್ಲ.

ಮನೆ ಬಾಗಿಲಲ್ಲಿ ಸರೋಜಾ ನನ್ನನ್ನು ತಡೆದಳು. "ಹಾಗೇ ಒಳಗೆ ಬರಬೇಡಿ. ಹಿಂದುಗಡೆ ನಲ್ಲಿ ಹತ್ರ ಸ್ನಾನ ಮಾಡ್ಕೊಂಡು ಬನ್ನಿ."

"ಯಾಕೆ? ಸತ್ತಿದ್ದು ಯಾರೇ?"

"ನಾಲ್ಕೂವರೆಗೆ ಏಳೋದು, ಬಿಸಿನೀರು, ನಮ್ಮ ಹಾಗೇ ಇಬ್ಬರು ಹೆಣ್ಣುಮಕ್ಕಳು. ಯಾರು ಅಂತ ನನಗೆ ಗೊತ್ತಾಗಲಿಲ್ಲ ಅಂದ್ಕೊಂಡ್ರಾ?"

ಏಳು ಗಂಟೆಗೆ ಸರಿಯಾಗಿ, ತೀರಿಕೊಂಡವನೇ ತನ್ನ ಸಾವಿನ ಸ್ನಾನ ಮುಗಿಸಿದ.