ಗುಂಡಿಗೆ ಹೆದರುವ ಅಳಿಯ

"ಮದುವೆಯೊಳಗೆ ಅಳಿಯನ ಭಯಾನ ಬುಡಸಮೇತ ಕಿತ್ತುಹಾಕ್ತೀನಿ! ಇಲ್ಲದಿದ್ರೆ ನಾನು ಟೈಲರೇ ಅಲ್ಲ!" ಎಂದು ಮಾಸ್ಟರು ಕತ್ತರಿ ಎತ್ತಿ ಘೋಷಿಸಿದರು.

ಮಗಳು ಮೆಚ್ಚಿದ ಹುಡುಗ ಗುಣದಲ್ಲಿ ಅಪ್ಪಟ ಚಿನ್ನ. ಆದರೆ ಗುಂಡಿ ಕಂಡರೆ ಬೆವರುತ್ತಿದ್ದ! ಅಂಗಿಯದಾಗಲಿ, ದಿಂಬಿನ ಗವುಸಿನದಾಗಲಿ, ಗುಂಡಿ ಗುಂಡಿಯೇ. ಅವನು ಈಜು ಕಲಿಸುವ ಕೆಲಸ ಹಿಡಿದದ್ದೂ ಅಲ್ಲಿ ಯಾರ ಮೈಮೇಲೂ ಗುಂಡಿ ಇರುವುದಿಲ್ಲವೆಂದೇ. ಇತ್ತ ಮಾಸ್ಟರು, ಅಳಿಯನಿಗೆ ಎರಡು ಸಾಲು ಗುಂಡಿಯ ಕೋಟನ್ನು ಕೈಯಾರೆ ಹೊಲಿಯುವುದಾಗಿ ಗಿರಾಕಿಗಳಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು. ಈಗ ಅಂಗಡಿಯ ಮಾನದ ಪ್ರಶ್ನೆ.

"ಗುಂಡಿಗೆ ಹೆದರೋನಿಗೆ ಗುಂಡಿಗೇನೇ ಇಲ್ಲ ಅಂತ ಜನ ಆಡ್ಕೋತಾರೆ ಕಣೇ!"

"ಅವನ ಪಾಡಿಗೆ ಅವನನ್ನ ಬಿಡ್ರೀ. ನಿಮಗೇನು ಯಾವ ಭಯಾನೂ ಇಲ್ವಾ?" ಎಂದರು ಹೆಂಡತಿ.

"ನಿನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ. ಇನ್ನೆಲ್ಲಿ ಉಳಿದಿರುತ್ತೆ ಭಯ?"

ಭಾನುವಾರ ಅಳಿಯ ಬಂದ. ಮಾಸ್ಟರು ಗುಂಡಿಯ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ವೈದ್ಯರ ಗತ್ತಿನಲ್ಲಿ ಕೇಳಿದರು, "ಯಾವಾಗಿಂದ ಶುರುವಾಯ್ತಪ್ಪ ಇದು?"

"ಚಿಕ್ಕವನಿದ್ದಾಗ ಗುಂಡೀನ ಮೂಗಿಗೆ ತುರುಕ್ಕೊಂಡಿದ್ದೆ ಮಾವ. ಡಾಕ್ಟರು ಇಕ್ಕಳ ಹಿಡ್ಕೊಂಡು ಬಂದ್ರು. ಅವತ್ತಿಂದ ಗುಂಡಿ ನೋಡಿದ್ರೆ ಉಸಿರೇ ಕಟ್ಟುತ್ತೆ."

"ಹಾಗಾದ್ರೆ ಇಕ್ಕಳಕ್ಕೆ ಹೆದರ್ಬೇಕಿತ್ತು! ಪಾಪ, ಗುಂಡಿ ಏನು ಮಾಡ್ತು?" ಎಂದು ಮಾಸ್ಟರು ಡಬ್ಬಿ ತೆರೆದೇಬಿಟ್ಟರು. ಹುಡುಗ ಗೋಡೆಗೆ ಅಂಟಿಕೊಂಡ. "ನೋಡು, ಹೊಲಿಯೋವಾಗ ನಾವು ಇದನ್ನ ಬಾಯಲ್ಲೇ ಇಟ್ಕೋತೀವಿ!" ಎಂದವರೇ ಕೋಟಿನ ಗುಂಡಿಯೊಂದನ್ನು ತುಟಿಯಲ್ಲಿ ಕಚ್ಚಿಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಭಾಷಣವನ್ನೂ ಮುಂದುವರಿಸಿದರು. "ಭಯ ಅನ್ನೋದು..."

ಗುಂಡಿ ಗಂಟಲಿಗೆ ಇಳಿಯಿತು!

ಮಾತಿಲ್ಲ, ಕೆಮ್ಮಿಲ್ಲ, ಮಾಸ್ಟರ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಹೆಂಡತಿ "ಅಯ್ಯೋ!" ಎನ್ನುವಷ್ಟರಲ್ಲಿ ಅಳಿಯ ಹಾರಿ ಬಂದ. ಮುಳುಗಿದವರನ್ನು ಬದುಕಿಸಿ ಪಳಗಿದ ಕೈ! ಮಾವನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಗುದ್ದಿನ ಮೇಲೆ ಗುದ್ದು ಕೊಟ್ಟ. ಗುಂಡಿ ಟಣ್ಣನೆ ನೆಲಕ್ಕೆ ಬಿತ್ತು. ಹುಡುಗ ಅದನ್ನು ಬರಿಗೈಯಲ್ಲೇ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟೇನಾ ಇದು!"

"ದೂರ ಎಸಿಯಪ್ಪಾ ಅದನ್ನ!" ಎಂದು ಮಾವ ಅಷ್ಟರಲ್ಲೇ ಮಂಚ ಹತ್ತಿದ್ದರು.

ಅಂದಿನಿಂದ ಮಾಸ್ಟರು ಗುಂಡಿ ಮುಟ್ಟಿದ್ದರೆ ಕೇಳಿ! ಗಿರಾಕಿಗಳ ಬಟ್ಟೆಗೆಲ್ಲ ಹೆಂಡತಿಯೇ ಗುಂಡಿ ಹಾಕುತ್ತಿದ್ದರು. "ಕೋಟಿಗೂ ನಾನೇ ಹಾಕ್ಕೊಡ್ಲಾ?" ಎಂದು ಕೇಳಿದಾಗ ಮಾಸ್ಟರು ಕಂಗಾಲಾದರು. "ಹಾಕಿದ್ರೆ ಮದುವೆ ದಿನ ಅವನ ಪಕ್ಕ ಹೇಗೆ ನಿಂತ್ಕೊಳ್ಳಲಿ?" ಕೊನೆಗೆ ಕೋಟು ಬರೀ ಹುಕ್ಕುಗಳಲ್ಲಿ ಮುಗಿಯಿತು.

ಮದುವೆಯಲ್ಲಿ ಹಳೆಯ ಗಿರಾಕಿಯೊಬ್ಬರು ಎಲ್ಲರೆದುರು ಕೇಳಿಯೇಬಿಟ್ಟರು, "ಏನ್ ಮಾಸ್ಟ್ರೇ, ಎರಡು ಸಾಲು ಗುಂಡಿ ಅಂತಿದ್ರಿ, ಒಂದೂ ಕಾಣ್ತಿಲ್ಲ?"

ಇಷ್ಟು ವರ್ಷ ಗಳಿಸಿದ ಹೆಸರು ಇವತ್ತಿಗೆ ಮುಗಿಯಿತು ಎಂದುಕೊಂಡರು ಮಾಸ್ಟರು. ಅಷ್ಟರಲ್ಲಿ ಅಳಿಯ ಬಾಯಿ ಹಾಕಿದ.

"ನಂಗೆ ಗುಂಡಿ ಕಂಡ್ರೆ ಭಯ ಸಾರ್. ಬಿಡಿಸೋಕೆ ಮಾವ ಪ್ರಾಣಾನೇ ಪಣಕ್ಕಿಟ್ರು. ಆಗ್ಲಿಲ್ಲ!"

ಮಾಸ್ಟರ ಕಣ್ಣು ತುಂಬಿ ಬಂತು. ಹುಡುಗ ಚಿನ್ನವಲ್ಲ, ವಜ್ರ ಎನಿಸಿತು.

"ಭಲೇ ಮಾಸ್ಟ್ರೇ! ಮಾವ ಅಂದ್ರೆ ಹೀಗಿರ್ಬೇಕು!" ಎಂದು ಗಿರಾಕಿ ತಬ್ಬಿಕೊಳ್ಳಲು ಮುಂದೆ ಬಂದರು. ಅವರ ಎದೆಯ ತುಂಬ ಫಳಫಳ ಹೊಳೆಯುವ ಹಿತ್ತಾಳೆ ಗುಂಡಿಗಳು! ಮಾಸ್ಟರು ಸರಕ್ಕನೆ ಅಳಿಯನ ಬೆನ್ನ ಹಿಂದೆ ಅವಿತುಕೊಂಡರು.

ಅಳಿಯ ಎರಡೂ ಕೈ ಅಡ್ಡ ಹಿಡಿದ. "ಬೇಡಿ ಸಾರ್, ಮುಟ್ಬೇಡಿ! ಮಾವಂಗೆ ಕಚಗುಳಿ ಜಾಸ್ತಿ!"